ಕಣ್ಣು ತೆರೆದಿದ್ದವಳ ಸಾಕ್ಷಿ

1971ರ ಗರಿಗಳ ಭಾನುವಾರ, ಈಸ್ಟರಿಗೆ ಒಂದು ವಾರ ಮುಂಚೆ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಚರ್ಚಿನ ಗೋಡೆ ಗಡಿಯಾರದ ಕಡೆ ನೋಡಿ, ಇವತ್ತು ಖಂಡಿತ ತಡವಾಗುತ್ತದೆ ಅಂದುಕೊಂಡೆ. ಹಲಸೂರಿನ ಆ ಚರ್ಚಿನಲ್ಲಿ ಮೊದಲು ನಮ್ಮ ಕನ್ನಡ ಆರಾಧನೆ, ಅದು ಮುಗಿದ ಮೇಲೆ ತಮಿಳಿನವರದು. ನಾವು ಹತ್ತು ಗಂಟೆಗೆ ಜಾಗ ಬಿಡಬೇಕಿತ್ತು. ಆದರೆ ಹಿರಿಯರಾದ ಸಮುವೇಲಪ್ಪನವರು ಆಗ ತಾನೇ ಎದ್ದು ನಿಂತು, "ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸೋಣ" ಅಂದಿದ್ದರು.

ಸಮುವೇಲಪ್ಪನವರ ಪ್ರಾರ್ಥನೆ ನಮ್ಮ ಸಭೆಯಲ್ಲಿ ಹೆಸರುವಾಸಿ. ಬುಧವಾರ ಮನೆ ಮನೆಯಲ್ಲಿ ನಡೆಯುವ ಪ್ರಾರ್ಥನಾ ಕೂಟದಲ್ಲಿ ಅವರು ಶುರು ಮಾಡಿದರೆ ಒಲೆಯ ಮೇಲಿಟ್ಟ ಚಹಾ ಬತ್ತಿಹೋಗುತ್ತಿತ್ತು. ಹೆಂಗಸರು ನಗುತ್ತಿದ್ದರು, ಆದರೆ ಅವರು ಆಮೆನ್ ಅನ್ನುವವರೆಗೆ ಯಾರೂ ಕಣ್ಣು ಬಿಡುತ್ತಿರಲಿಲ್ಲ. ಪ್ರಾರ್ಥನೆಯಲ್ಲಿ ಕಣ್ಣು ಬಿಟ್ಟರೆ ಸೈತಾನ ಕಾಣಿಸುತ್ತಾನೆ ಎಂದು ನಮಗೆಲ್ಲ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದರು. ಅವತ್ತು ಬಿಷಪ್ಪರು ಬೇರೆ ಬಂದಿದ್ದರು. ದೃಢೀಕರಣದ ದಿನ. ಮಕ್ಕಳಾಗಿ ದೀಕ್ಷಾಸ್ನಾನ ಪಡೆದವರು ದೊಡ್ಡವರಾಗಿ ತಾವೇ ನಂಬಿಕೆಯನ್ನು ಒಪ್ಪಿಕೊಂಡು, ಮೊದಲ ಸಲ ರೊಟ್ಟಿ, ದ್ರಾಕ್ಷಾರಸದ ಕರ್ತನ ಭೋಜನಕ್ಕೆ ಸೇರುವ ದಿನ.

ನಾನು ಆಗ ಬಿ.ಎಸ್‌ಸಿ. ಮುಗಿಸಿ ಶಿವಾಜಿನಗರದ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಭಾನುವಾರ ಸಂಡೇ ಸ್ಕೂಲಿನ ಮಕ್ಕಳು ನನ್ನ ಪಾಲು. ದೃಢೀಕರಣದ ಹುಡುಗಿಯರನ್ನು ಸಾಲಾಗಿ ನಿಲ್ಲಿಸುವ ಕೆಲಸವೂ ನನ್ನದೇ. ಬಿಳಿ ಸೀರೆ, ತಲೆಯ ಮೇಲೆ ಬಿಳಿ ಮುಸುಕು, ಕೈಯಲ್ಲಿ ಹೊತ್ತಿಸಿದ ಮೇಣದಬತ್ತಿ. ಎರಡು ಸಾಲು. ಮುಂದಿನ ಸಾಲಿನ ಕೊನೆಯಲ್ಲಿ ಸುಗುಣಾ. ಅವಳ ತಾಯಿ ರೂತಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವರು. ಮಗಳಿಗೆಂದು ಕಮರ್ಷಿಯಲ್ ಸ್ಟ್ರೀಟಿನಿಂದ ನೈಲಾನ್ ಬಟ್ಟೆ ತಂದು, ಅಂಚಿಗೆ ಲೇಸ್ ಇಟ್ಟು ಮುಸುಕು ಮಾಡಿದ್ದರು. ಬೆಳಿಗ್ಗೆ ಗೇಟಿನ ಹತ್ತಿರ ಸುಗುಣಾ ನನ್ನ ಕಿವಿಯಲ್ಲಿ, "ಟೀಚರ್, ಮದುವೆ ಹೆಣ್ಣಿನ ಥರ ಕಾಣ್ತೀನಾ?" ಅಂದಿದ್ದಳು. "ಮೊದಲು ಹತ್ತು ಆಜ್ಞೆ ತಪ್ಪಿಲ್ಲದೆ ಹೇಳು, ಆಮೇಲೆ ಮದುವೆ" ಅಂದಿದ್ದೆ.

ಅವಳ ಹಿಂದೆ ಸಮುವೇಲಪ್ಪನವರ ಮೊಮ್ಮಗಳು ಶಾಂತಾ ನಿಂತಿದ್ದಳು.

ಮಕ್ಕಳನ್ನು ನೋಡಿಕೊಳ್ಳುವವಳಿಗೆ ಕಣ್ಣು ಮುಚ್ಚಲು ಆಗುವುದಿಲ್ಲ. ಗೋಡೆಗೆ ಒರಗಿ ನಿಂತು ಅವರ ಕೈಗಳನ್ನೇ ನೋಡುತ್ತಿದ್ದೆ. ಮೇಣ ಕರಗಿ ಬೆರಳ ಮೇಲೆ ಬೀಳುತ್ತಿತ್ತು. ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರೆ ಯಾರಿಗಾದರೂ ಮೈ ತೂಗುತ್ತದೆ. ಸಮುವೇಲಪ್ಪನವರು ದೇಶದ ನಾಯಕರು, ಸೈನಿಕರು, ರೋಗಿಗಳು ಎಲ್ಲರನ್ನೂ ಮುಗಿಸಿ ಬಿಷಪ್ಪರ ಕುಟುಂಬಕ್ಕೆ ಬಂದಿದ್ದರು. ಶಾಂತಾ ಸ್ವಲ್ಪ ಮುಂದಕ್ಕೆ ವಾಲಿದಳು. ಅವಳ ಕೈಯ ಬತ್ತಿ ಸುಗುಣಾಳ ಮುಸುಕಿಗೆ ತಾಗಿತು.

"ಬೆಂಕಿ!" ಎಂದು ಕೂಗಿದೆ.

ಒಬ್ಬರೂ ಕಣ್ಣು ಬಿಡಲಿಲ್ಲ. ಸಮುವೇಲಪ್ಪನವರು ಸ್ವರ ಏರಿಸಿ, "ಕರ್ತನೇ, ಈ ಹೊತ್ತಿನಲ್ಲಿ ಅಡ್ಡಿ ತರುವ ಸೈತಾನನನ್ನು ಗದರಿಸು" ಅಂದರು. ಇಡೀ ಸಭೆ "ಆಮೆನ್" ಅಂದಿತು. ಕಣ್ಣು ಮುಚ್ಚಿಕೊಂಡೇ ಅಂದಿತು.

ಆಮೇಲೆ ಸುಗುಣಾ ಕಿರುಚಿದಳು.

ಆರ್ಗನ್ನಿನ ಮೇಲೆ ಹೊದಿಸುವ ದಪ್ಪ ಬಟ್ಟೆಯನ್ನು ಎಳೆದುಕೊಂಡು ಓಡಿದ್ದು ನೆನಪಿದೆ. ಅವಳನ್ನು ಅದರಲ್ಲಿ ಸುತ್ತಿ ನೆಲಕ್ಕೆ ಕೆಡವಿದೆ. ನೈಲಾನ್ ಬರೀ ಉರಿಯುವುದಿಲ್ಲ, ಕರಗುತ್ತದೆ. ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ಕೀಳಲು ಹೋಗಿ ನನ್ನ ಅಂಗೈಗಳೂ ಸುಟ್ಟವು. ಆ ವಾಸನೆ ಇವತ್ತಿಗೂ, ಇಸ್ತ್ರಿಪೆಟ್ಟಿಗೆ ಸ್ವಲ್ಪ ಹೆಚ್ಚು ಕಾದರೆ ಸಾಕು, ಮೂಗಿಗೆ ಬಂದುಬಿಡುತ್ತದೆ.

ಗೇಟಿನ ಹತ್ತಿರ ನಿಂತಿದ್ದ ಜಟಕಾದಲ್ಲಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆವು. ರೂತಮ್ಮನ ತೊಡೆಯ ಮೇಲೆ ಅವಳ ತಲೆ. ಜಟಕಾ ರಸ್ತೆಗೆ ತಿರುಗುವಾಗ ಹಿಂದಿನಿಂದ ಆರ್ಗನ್ ಕೇಳಿಸಿತು. ಉಳಿದ ಮಕ್ಕಳ ದೃಢೀಕರಣ ಮುಂದುವರಿದಿತ್ತು. ತಮಿಳಿನವರು ಕಾಯುತ್ತಿದ್ದರಂತೆ.

ಕುತ್ತಿಗೆ, ಬಲಗಿವಿ, ಭುಜ, ತೋಳು. ಉಳಿಯುತ್ತಾಳೋ ಇಲ್ಲವೋ ಎಂದು ಡಾಕ್ಟರು ಹೇಳಲಿಲ್ಲ. ಶುಭ ಶುಕ್ರವಾರ ಬಂತು, ಈಸ್ಟರ್ ಬಂತು, ಜ್ವರ ಇಳಿಯಲಿಲ್ಲ. ನಾನು ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ದಿನಾ ಶಾಲೆ ಮುಗಿಸಿ ವಾರ್ಡಿಗೆ ಹೋಗುತ್ತಿದ್ದೆ. ಮನೆಗೆ ಬಂದು ಮಲಗಿ ಕಣ್ಣು ಮುಚ್ಚಿದರೆ ಮುಸುಕಿನ ಅಂಚಿನಲ್ಲಿ ನೀಲಿ ಉರಿ ಏಳುತ್ತಿತ್ತು. ಎದ್ದು ಕೂರುತ್ತಿದ್ದೆ.

ಒಂದು ಬುಧವಾರ ಪ್ರಾರ್ಥನಾ ಕೂಟದವರು ವಾರ್ಡಿಗೆ ಬಂದರು. ಬ್ರೆಡ್ಡು, ಮೋಸಂಬಿ ತಂದಿದ್ದರು. ಸಮುವೇಲಪ್ಪನವರು ಮಂಚದ ಪಕ್ಕ ನಿಂತು, "ಮಗು, ಮನಸ್ಸಿನಲ್ಲಿ ಮರೆಮಾಡಿದ್ದು ಏನಾದ್ರೂ ಇದ್ರೆ ಕರ್ತನ ಮುಂದೆ ಒಪ್ಕೊಂಬಿಡು, ಗುಣ ಆಗುತ್ತೆ" ಅಂದರು.

ರೂತಮ್ಮ ತಲೆ ಎತ್ತಿದರು. "ಏನು ಒಪ್ಕೋಬೇಕು ಹಿರಿಯರೇ? ನನ್ನ ಮಗಳು ಏನು ಮಾಡಿದ್ಲು?"

"ನಾನು ಹಾಗೆ ಹೇಳ್ಲಿಲ್ಲಮ್ಮ. ಪವಿತ್ರವಾದ ಜಾಗದಲ್ಲಿ, ಅಷ್ಟು ಮಕ್ಕಳ ಮಧ್ಯೆ ಇವಳೊಬ್ಬಳಿಗೇ ಯಾಕೆ ಹೀಗಾಯ್ತು ಅಂತ ಜನ ಕೇಳ್ತಾರೆ. ಕಣ್ಣು ಮುಚ್ಚೋಣ."

ಎಲ್ಲರೂ ಮುಚ್ಚಿದರು. ಸುಗುಣಾ ಮುಚ್ಚಲಿಲ್ಲ. ಹತ್ತಿಯ ನಡುವಿನಿಂದ ನನ್ನನ್ನೇ ನೋಡುತ್ತಿದ್ದಳು. ಪ್ರಾರ್ಥನೆ ಮುಗಿಯುವವರೆಗೂ ನಾವಿಬ್ಬರೂ ಹಾಗೇ ಒಬ್ಬರನ್ನೊಬ್ಬರು ನೋಡುತ್ತಿದ್ದೆವು.

ಅಷ್ಟರಲ್ಲಿ ಮಾತು ಹಬ್ಬಿತ್ತು. ಹುಡುಗಿ ಪಾಪ ಬಚ್ಚಿಟ್ಟುಕೊಂಡು ಕರ್ತನ ಭೋಜನಕ್ಕೆ ನಿಂತಳಂತೆ. ಪ್ರಾರ್ಥನೆ ಮಾಡದೆ ಆಟವಾಡುತ್ತಾ ತನ್ನ ಬತ್ತಿಯಿಂದ ತಾನೇ ಮುಸುಕಿಗೆ ಬೆಂಕಿ ಹಚ್ಚಿಕೊಂಡಳಂತೆ. ರಸೆಲ್ ಮಾರುಕಟ್ಟೆಯಲ್ಲಿ ತರಕಾರಿ ಆರಿಸುತ್ತಿದ್ದಾಗ ನಮ್ಮ ಸಭೆಯ ಹೆಂಗಸೊಬ್ಬರು ನನ್ನ ಪಕ್ಕ ನಿಂತು, "ನೈಲಾನ್ ಬೇಕಿತ್ತೇನಮ್ಮ ಆ ರೂತಮ್ಮಂಗೆ? ಹತ್ತಿಯ ಮಲ್ ಬಟ್ಟೆ ಸಾಕಾಗಿತ್ತಲ್ಲ" ಅಂದರು. ಬದನೆಕಾಯಿ ಒತ್ತಿ ನೋಡುತ್ತಲೇ ಅಂದರು.

ರೂತಮ್ಮ ಸಭೆಯಿಂದ ಕೇಳಿದ್ದು ಒಂದೇ. ತನ್ನ ಮಗಳ ತಪ್ಪಿಲ್ಲ ಎಂದು ಒಂದು ಭಾನುವಾರ ಎಲ್ಲರ ಎದುರು ಹೇಳಬೇಕು. "ಬದುಕಿದ್ರೆ ಅವಳು ಇದೇ ಜನರ ಮಧ್ಯೆ ಬಾಳ್ಬೇಕು, ಟೀಚರಮ್ಮ. ಸುಟ್ಟ ಗಾಯಕ್ಕೆ ಮುಸುಕು ಹಾಕ್ಬಹುದು. ಈ ಮಾತಿಗೆ ಏನು ಹಾಕ್ಲಿ?"

ಆರಾಧನೆ ಮುಗಿದ ಮೇಲೆ ಚರ್ಚಿನ ಪಕ್ಕದ ಕೋಣೆಯಲ್ಲಿ ಕಮಿಟಿ ಕೂತಿತು. ನಾನು ಸಾಕ್ಷಿ ಹೇಳಲು ಹೋದೆ. ನಮ್ಮ ಸಭಾಪಾಲಕರಾದ ಅಯ್ಯನವರು ಮೇಜಿನ ತುದಿಯಲ್ಲಿ, ಅವರ ಪಕ್ಕ ಸಮುವೇಲಪ್ಪನವರು. ಶಾಂತಾಳ ಹೆಸರು ಎತ್ತದೆಯೇ, "ಹಿಂದೆ ನಿಂತಿದ್ದ ಮಗುವಿನ ತಪ್ಪೂ ಇಲ್ಲ, ಕಣ್ಣು ಮುಚ್ಚು ಅಂದ್ರಿ, ಮುಚ್ಚಿತ್ತು. ಆದ್ರೆ ಬೆಂಕಿ ತಾಗಿದ್ದು ಹಿಂದಿನ ಬತ್ತಿಯಿಂದ. ನಾನು ನೋಡಿದೆ" ಅಂದೆ.

ಸಮುವೇಲಪ್ಪನವರು ಕೋಪ ಮಾಡಿಕೊಳ್ಳಲಿಲ್ಲ. ಮೃದುವಾಗಿಯೇ ಕೇಳಿದರು. "ಲೀಲಾ, ಪ್ರಾರ್ಥನೆ ನಡೀತಿತ್ತಲ್ವಾ ಆವಾಗ?"

"ಹೌದು."

"ಅಂದ್ರೆ ನೀನು ಕಣ್ಣು ಬಿಟ್ಕೊಂಡಿದ್ದೆ."

"ಮಕ್ಕಳನ್ನ ನೋಡ್ಕೋಬೇಕಿತ್ತು."

"ಬಿಷಪ್ಪರು ಕಣ್ಣು ಮುಚ್ಚಿದ್ರು. ಅಯ್ಯನವರು ಮುಚ್ಚಿದ್ರು. ಇಡೀ ಸಭೆ ದೇವರ ಸನ್ನಿಧಿಯಲ್ಲಿತ್ತು. ನೀನೊಬ್ಬಳು ಇರ್ಲಿಲ್ಲ. ದೇವರ ಕಡೆ ಇಲ್ಲದವಳ ಸಾಕ್ಷಿ ಹೇಗಮ್ಮ ತಗೊಳ್ಳೋದು?"

ಯಾರಾದರೂ ನಗಬಹುದು ಅಂದುಕೊಂಡೆ. ಯಾರೂ ನಗಲಿಲ್ಲ. ತಲೆ ಆಡಿಸಿದರು. "ಅಯ್ಯನವರೇ, ನೀವಾದ್ರೂ ಹೇಳಿ" ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಎಲ್ಲಾ ಕರ್ತನ ಚಿತ್ತ ಮಗಳೇ. ಈಗ ಸಭೆ ಒಡೆಯೋದು ಬೇಡ." ಅಷ್ಟೇ.

ಕಾಲೇಜಿನಲ್ಲಿ ನನಗೆ ಕಲಿಸಿದ್ದು, ಕಣ್ಣಾರೆ ಕಂಡದ್ದನ್ನು ಬರೆ ಎಂದು. ಆ ಕೋಣೆಯಲ್ಲಿ ಕಂಡದ್ದೇ ನನ್ನ ಅಪರಾಧವಾಯಿತು. ಮುಂದಿನ ಭಾನುವಾರದಿಂದ ಸಂಡೇ ಸ್ಕೂಲಿಗೆ ಬೇರೆಯವರನ್ನು ಹಾಕಿದರು.

ಸುಗುಣಾ ಬದುಕಿದಳು. ಮಳೆಗಾಲ ಕಳೆಯುವ ಹೊತ್ತಿಗೆ ಮನೆಗೆ ಬಂದಳು. ಕುತ್ತಿಗೆ ಒಂದು ಕಡೆಗೆ ಎಳೆದುಕೊಂಡಿತ್ತು, ಬಲಗೈ ಪೂರ್ತಿ ಚಾಚಲು ಆಗುತ್ತಿರಲಿಲ್ಲ. ದೃಢೀಕರಣ ಆಗಿರಲಿಲ್ಲವಲ್ಲ, ಕರ್ತನ ಭೋಜನಕ್ಕೆ ಸೇರಿಸಲಿಲ್ಲ. ಬೇಕಾದರೆ ಮತ್ತೆ ಮೊದಲಿನಿಂದ ಪಾಠಕ್ಕೆ ಬರಲಿ ಎಂದು ಕಮಿಟಿ ಹೇಳಿಕಳಿಸಿತು. ಮುಂದಿನ ವರ್ಷ ಹುಡುಗಿಯರ ಕೈಗೆ ಮೇಣದಬತ್ತಿ ಕೊಡಲಿಲ್ಲ, ತೆಂಗಿನ ಗರಿ ಕೊಟ್ಟರು. ಯಾಕೆ ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಇವತ್ತಿನವರೆಗೆ ಆ ಸಭೆಯಲ್ಲಿ ಅವಳ ತಪ್ಪಿಲ್ಲ ಎಂಬ ಮಾತನ್ನು ಯಾರೂ ಆಡಿಲ್ಲ.

ಬೆಂಕಿ ತಾಗಿದ ವರ್ಷದ ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ ಸಂಜೆ ತಾಯಿ ಮಗಳು ನಮ್ಮ ಮನೆಗೆ ಬಂದರು. ರೂತಮ್ಮ ಹಬ್ಬದ ಸಿಹಿ ಕಲ್‌ಕಲ್ ಕರಿದು ತಂದಿದ್ದರು. ಹೊರಡುವ ಮುಂಚೆ, "ಟೀಚರಮ್ಮ, ಒಂದು ಪ್ರಾರ್ಥನೆ ಮಾಡಿ. ಚರ್ಚಿನಲ್ಲಿ ನಮಗೆ ಈಗ ಯಾರೂ ಮಾಡಲ್ಲ" ಅಂದರು.

ನಾನು ಕೈ ಜೋಡಿಸಿದೆ. ಕಣ್ಣು ಮುಚ್ಚಲು ಆಗಲಿಲ್ಲ. ರೆಪ್ಪೆ ಇಳಿದರೆ ಉರಿ ಕಾಣುತ್ತಿತ್ತು. ತಿಂಗಳುಗಳಿಂದ ನಾನು ಪ್ರಾರ್ಥನೆಯನ್ನೂ ಮಾಡಿರಲಿಲ್ಲ, ಸರಿಯಾಗಿ ನಿದ್ದೆಯನ್ನೂ ಮಾಡಿರಲಿಲ್ಲ. ಜೋಡಿಸಿದ ಕೈಗಳನ್ನೇ ನೋಡುತ್ತಾ ಕೂತೆ.

ಸುಗುಣಾಳಿಗೆ ಅರ್ಥವಾಯಿತು. ಚಾಚಲಾಗದ ಆ ಕೈಯನ್ನು ನನ್ನ ಮೊಣಕಾಲಿನ ಮೇಲಿಟ್ಟಳು.

"ನೀವು ಮುಚ್ಕೊಳ್ಳಿ ಟೀಚರ್. ನಾನು ಬಿಟ್ಕೊಂಡಿರ್ತೀನಿ."

ಮುಚ್ಚಿದೆ. ಏನು ಪ್ರಾರ್ಥಿಸಿದೆನೋ ನೆನಪಿಲ್ಲ, ಬಹಳ ಚಿಕ್ಕದಾಗಿತ್ತು. ಆಮೆನ್ ಎಂದು ಕಣ್ಣು ತೆರೆದಾಗ ಅವಳು ನಿಜವಾಗಿಯೂ ರೆಪ್ಪೆ ಬಡಿಯದೆ ನನ್ನನ್ನು ಕಾಯುತ್ತಿದ್ದಳು.

ಮರುದಿನ ಅಮ್ಮ ಬಂದು ಭುಜ ಅಲುಗಿಸಿ, "ಏಳೇ, ಶಾಲೆಗೆ ಹೊತ್ತಾಯ್ತು" ಅಂದಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಗರಿಗಳ ಭಾನುವಾರದ ನಂತರ ಬೆಳಗಿನವರೆಗೂ ನಾನು ಮಲಗಿದ್ದು ಅದೇ ಮೊದಲು.