ದಂಡ ಕಟ್ಟಿ ಮುಗಿಸಿದ ಕೇಸು

ಕೊಪ್ಪದ ಕೋರ್ಟಿನ ವರದಿ ಮಾಡುತ್ತಿದ್ದಾಗ ಆ ಕೇಸನ್ನು ಕಣ್ಣಾರೆ ನೋಡಿದ್ದೆ. ಹಿರೇಕೊಡಿಗೆ ಕಡೆಯ ಯಜಮಾನರೊಬ್ಬರು ಪಕ್ಕದ ತೋಟದ ಬೇಲಿ ಕೀಳಿಸಿದ್ದರು. ಕಿತ್ತವರು ಅವರ ಆಳುಗಳು; ಕೇಸು ಎಲ್ಲರ ಮೇಲೂ ಬಿದ್ದಿತ್ತು. ಕೋರ್ಟಿನ ಜಗಲಿಯಲ್ಲಿ ಯಜಮಾನರು ಆಳುಗಳಿಗೆ ಹೇಳಿದರು: "ವಾಯಿದೆಗೆ ತಿರುಗ್ತಾ ಕೂತರೆ ಅಡಿಕೆ ಕೊಯ್ಲು ಎಂತ ಆಗ್ಬೇಕು? ತಪ್ಪಾಯ್ತು ಅಂದ್ಬಿಡಿ, ದಂಡ ನಾನೇ ಕಟ್ತೀನಿ."

ಅವರೆಲ್ಲ ತಪ್ಪೊಪ್ಪಿಕೊಂಡರು. ಯಜಮಾನರು ಮಾತ್ರ ವಕೀಲರನ್ನಿಟ್ಟು ಕೇಸು ನಡೆಸಿ ಖುಲಾಸೆಯಾದರು. ಒಪ್ಪಿಕೊಂಡದ್ದು ದಾಖಲೆಯಲ್ಲಿ ಉಳಿಯುತ್ತದೆ ಎಂದು ಆಳುಗಳಿಗೆ ಯಾರೂ ಹೇಳಲಿಲ್ಲ. ಗೊತ್ತಿದ್ದ ನಾನೂ ಹೇಳಲಿಲ್ಲ.

ಈಚೆಗೆ ಅವರಲ್ಲೊಬ್ಬಳಿಗೆ ನರಸಿಂಹರಾಜಪುರದ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ ಸಿಕ್ಕಿತು. ಪೊಲೀಸ್ ಸರ್ಟಿಫಿಕೇಟ್ ತಂದರೆ ಸೇರಬಹುದಿತ್ತು. ಜೊತೆಗೆ ಬನ್ನಿ ಎಂದು ಕರೆದದ್ದಕ್ಕೆ ನಾನೂ ಠಾಣೆಗೆ ಹೋದೆ.

ಕಂಪ್ಯೂಟರ್ ನೋಡಿದ ಪೊಲೀಸರು, "ಶಿಕ್ಷೆ ಆಗಿದೆಯಲ್ಲಮ್ಮ" ಎಂದರು.

"ಜೈಲಿಗೆ ಹೋಗಿಲ್ಲ ಸಾರ್. ದಂಡ ಕಟ್ಟಿ ಮುಗಿಸಿದ್ದು."

"ದಂಡವೂ ಶಿಕ್ಷೆಯೇ."

ಅಷ್ಟರಲ್ಲಿ ಕೋವಿ ಲೈಸೆನ್ಸ್ ನವೀಕರಣಕ್ಕೆಂದು ಅದೇ ಯಜಮಾನರು ಒಳಗೆ ಬಂದರು. ಅವರಿಗೆ ಯಾವ ಶಿಕ್ಷೆಯೂ ಆಗಿಲ್ಲವಲ್ಲ! ಪೊಲೀಸರು ಎದ್ದು ಕುರ್ಚಿ ಕೊಟ್ಟರು.

"ಎಂತ ಮಾರಾಯ್ತಿ, ನೀನಿಲ್ಲಿ?" ವಿಷಯ ತಿಳಿದು ಯಜಮಾನರು ನಕ್ಕರು. "ಹೋದರೆ ಹೋಗ್ಲಿ ಬಿಡು. ನಮ್ಮ ತೋಟದ ಕೆಲಸ ಎಲ್ಲಿಗೆ ಹೋಗ್ತದೆ?"

ಅವಳು ಎದ್ದು ನಿಂತಳು. "ನಿಮಗೆ ಕೋವಿ ಕೊಡ್ತಾರೆ ಅಯ್ಯ, ನನ್ನ ಕೈಗೆ ಸೌಟು ಕೊಡೂದಿಲ್ಲ. ಬೇಲಿ ಕೀಳು ಅಂದದ್ದು ಯಾರು, ಇವರೆದುರು ಹೇಳಿ."

ಯಜಮಾನರು ಫೋನ್ ನೋಡತೊಡಗಿದರು. ಪೊಲೀಸರು ಅವಳ ಹಾಳೆಯಲ್ಲಿ ಶಿಕ್ಷೆಯ ವಿವರ ಬರೆದು ಸೀಲು ಒತ್ತಿದರು. ಹಾಸ್ಟೆಲಿನವರು ಮರುದಿನವೇ ಬೇರೆಯವರನ್ನು ತೆಗೆದುಕೊಂಡರು.