ಎರಡೂ ಕಡೆಗೆ ಹೇಳುವವರು

ಕೊಪ್ಪದಲ್ಲಿ ಜಾಗ ಕೊಡಿಸುವ ಬ್ರೋಕರ್ ಒಬ್ಬರಿದ್ದರು. ಅವರು ಯಾವ ಜಾಗವನ್ನೂ ಹೊಗಳಿದ್ದು ನಾನು ಕೇಳಿಲ್ಲ. “ಇದ್ದದ್ದನ್ನ ಎರಡೂ ಕಡೆಗೆ ಹೇಳ್ತೇನೆ ಮಾರಾಯ್ರೆ, ಆಮೇಲೆ ನಿಮ್ಮಿಷ್ಟ” ಎನ್ನುತ್ತ ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದರು.

ನಮ್ಮ ಕಡೆಗೆ ಮೊಬೈಲ್ ಆಗಷ್ಟೇ ಬಂದಿತ್ತು. ಒಮ್ಮೆ ನೆಮ್ಮಾರ್ ಹತ್ತಿರದ ಜಾಗವೊಂದನ್ನು ತೋರಿಸಲು ನನ್ನನ್ನು ಕರೆದೊಯ್ದರು. ಬೇಸಿಗೆಯಲ್ಲಿ ಬಾವಿ ಬತ್ತುವುದನ್ನೂ ಕಾಡುಕೋಣ ಬೇಲಿ ಮುರಿಯುವುದನ್ನೂ ನಾನು ಕೇಳುವ ಮೊದಲೇ ಹೇಳಿದರು. ಆಮೇಲೆ ಮೊಬೈಲ್ ಆಫ್ ಮಾಡಿ, ಚಪ್ಪಲಿ ಬಿಟ್ಟು, ಆ ಜಾಗ ಕಾಯುವ ದೈವ ಚೌಡಿಯ ಕಲ್ಲಿನೆದುರು ಕೂತರು. ಕೈ ಮುಗಿಯಲಿಲ್ಲ. ಬಾವಿಯ ಬಗ್ಗೆ ಹೇಳಿದ ಅದೇ ದನಿಯಲ್ಲಿ ಕಲ್ಲಿಗೆ ನನ್ನ ಬಗ್ಗೆ ಹೇಳತೊಡಗಿದರು.

“ಜನ ಒಳ್ಳೆಯವ್ರು. ಸಿಟ್ಟು ಸ್ವಲ್ಪ ಬೇಗ. ನಿದ್ದೆಗಣ್ಣಲ್ಲಿ ಎದ್ದು, ಬಾಗಿಲು ತೆಗೆದು ಹೊರಗೆ ನಡೀತಾರೆ.”

ನನ್ನ ನಿದ್ದೆಯ ಆ ನಡಿಗೆ ಗೊತ್ತಿದ್ದುದು ತೀರಿಹೋದ ನನ್ನ ಹೆಂಡತಿಗೆ ಮಾತ್ರ.

“ಇದನ್ನ ನಿಮಗೆ ಯಾರು ಹೇಳಿದ್ದು?” ಎಂದೆ.

“ವಿಚಾರಿಸದೆ ನಾನು ಯಾವ ಕಡೆಗೂ ಏನೂ ಹೇಳೋದಿಲ್ಲ” ಎಂದು, ಕಲ್ಲಿನತ್ತ ಸ್ವಲ್ಪ ಹೊತ್ತು ಕಿವಿ ಕೊಟ್ಟು ಕೂತರು. ಆಮೇಲೆ ಎದ್ದು, ಮಡಚಿದ್ದ ಅಂಗಿಯ ತೋಳು ಬಿಡಿಸಿಕೊಂಡರು.

“ಅವರದ್ದು ಒಪ್ಪಿಗೆ ಆಯ್ತು. ಇನ್ನು ನೀವು ಹೇಳ್ಬೇಕು.”