ಜೋಳಿಗೆ ತೂಗಿದ ಕೈ

ಸ್ತನ ಕ್ಯಾನ್ಸರಿನ ಆಪರೇಷನ್ ಆದಮೇಲೆ ನನ್ನ ಎಡಗೈ ನೋವು ಹೋಗಲಿಲ್ಲ, ನಿದ್ದೆ ಮಾತ್ರ ಹೋಯಿತು. ಮಿರಜದ ಡಾಕ್ಟರು, "ಕೈ ಸುಮ್ನ ಇಡಬ್ಯಾಡ್ರಿ, ಮೆಲ್ಲಕ ತೂಗಾಡಸ್ರಿ" ಅಂದಿದ್ದರು. ರಾಯಬಾಗಕ್ಕೆ ಮರಳುವ ರೈಲಿನಲ್ಲಿ ಹಾಗೇ ತೂಗಾಡಿಸುತ್ತ ಕೂತಿದ್ದೆ. ಎದುರಿಗೆ ಸೀರೆಯ ಜೋಳಿಗೆ ಕಟ್ಟಿ ಕೂಸು ಮಲಗಿಸುತ್ತಿದ್ದ ಹೆಣ್ಣುಮಗಳು ಬಹಳ ಹೊತ್ತು ನನ್ನ ಕೈಯನ್ನೇ ನೋಡಿದಳು.

"ಅಕ್ಕಾರ, ಖಾಲಿ ಗಾಳಿ ಯಾಕ ತೂಗತೀರಿ? ಇದನ್ನ ತೂಗ್ರಿ," ಎಂದು ಜೋಳಿಗೆಯ ಅಂಚನ್ನು ನನ್ನ ಕೈಗಿಟ್ಟಳು.

ರಾಯಬಾಗದಲ್ಲಿ ಇಳಿಯುವವಳೆಂದು ಹೇಳಿ ತೂಗಿದೆ. ಕಿಟಕಿಯಾಚೆ ಕಬ್ಬಿನ ಹೊಲಗಳು ಬಂದವು, ಹೋದವು. ನೋವೂ ಹಾಗೇ ಬಂದು ಹೋಗತೊಡಗಿತು. ಆಮೇಲಿನದು ನೆನಪಿಲ್ಲ.

"ಏಳ್ರಿ ಅಕ್ಕಾರ, ರಾಯಬಾಗ ಬಂತು."

ಕಣ್ಣು ಬಿಟ್ಟರೆ ಜೋಳಿಗೆಯೊಳಗಿಂದ ಕೂಸು ನನ್ನನ್ನೇ ನೋಡುತ್ತಿತ್ತು. ಅದು ಮಲಗಿರಲೇ ಇಲ್ಲವಂತೆ. ನಾನು ನಾಚಿದೆ.

"ಇರಲಿ ಬಿಡ್ರಿ," ಅಂದಳು ತಾಯಿ, "ಒಬ್ರಾದ್ರೂ ಮಲಗಿದ್ರಲ್ಲ."